ಮೂರನೆಯ ಪಾಠದಲ್ಲಿ ನಿಂತವಳು

ಶಿವಕಾಂತಾ ಈ ಸಲವೂ ಫೇಲಾದಳು. ಬೇಕಂತಲೇ ಫೇಲಾದಳು.

ಬೇಕಂತ ಫೇಲಾಗುವುದು ಅಂದುಕೊಂಡಷ್ಟು ಸುಲಭವಲ್ಲ. ಫೋನಿನಲ್ಲಿ ಎಲ್ಲ ಉತ್ತರ ತಪ್ಪು ಒತ್ತಿದರೆ ಆಚೆ ಕೂತವರಿಗೆ ಅನುಮಾನ ಬರುತ್ತದೆ. ಕೈತಪ್ಪಿ ಎಲ್ಲ ಸರಿ ಒತ್ತಿದರೆ ಪಾಸಾಗಿ ಕೂರಬೇಕಾಗುತ್ತದೆ. ಒಂದೆರಡು ಸರಿ ಇರಬೇಕು, ಉಳಿದವನ್ನು ನೋಡಿದರೆ ಪಾಪ, ಹುಡುಗಿ ಎಲ್ಲೋ ಗೊಂದಲ ಮಾಡಿಕೊಂಡಿದ್ದಾಳೆ ಅನ್ನಿಸಬೇಕು. ಈ ವಿದ್ಯೆಯಲ್ಲಿ ಅವಳು ಈಗ ಚೆನ್ನಾಗಿ ಪಳಗಿದ್ದಳು.

ಮುರುಮ ಊರಿನ ಹೊರಗೆ, ಕಬ್ಬಿನ ಹೊಲದ ಬದುವಿನ ಮೇಲೆ, ಬೇವಿನ ನೆರಳಲ್ಲಿ ಅಪ್ಪನ ಕುರಿಗಳು ಮೆಲುಕು ಹಾಕುತ್ತಿದ್ದವು. ಶಿವಕಾಂತಾ ಫೋನನ್ನು ಮಡಿಲಲ್ಲಿಟ್ಟುಕೊಂಡು ಕಾದಳು. ಪರೀಕ್ಷೆ ಪಾಸಾದವರಿಗೆ ಫೋನಿನಲ್ಲಿ ಒಂದು ಹಸಿರು ಗುರುತು ಬರುತ್ತದೆ, ಅಷ್ಟೇ. ಫೇಲಾದವರಿಗೆ ಮಾಸ್ತರರೇ ಫೋನು ಮಾಡುತ್ತಾರೆ.

ಬಂತು.

“ಶಿವಕಾಂತಾ ಅವರೇನ್ರಿ? ನಾ ಗುರುಲಿಂಗ ಮಾತಾಡ್ಲತ್ತೀನಿ.”

“ಯಾವ ಗುರುಲಿಂಗ್ರಿ?”

“ಕೋರ್ಸಿನ ಗುರುಲಿಂಗ್ರಿ. ಪಶುಸಖಿ ಕೋರ್ಸ್.”

“ಹಾಂ, ಮಾಸ್ತರು. ದನಿ ಗುರ್ತ ಹತ್ಲಿಲ್ಲ ನೋಡ್ರಿ.”

ಗುರುತು ಹತ್ತಲಿಲ್ಲವಂತೆ. ಆ ದನಿಯ ಪಾಠವನ್ನು ಹಾಲು ಕಾಯಿಸುವಾಗೊಮ್ಮೆ, ಅಂಗಳ ಗುಡಿಸುವಾಗೊಮ್ಮೆ ಹಚ್ಚಿ ಕೇಳುವವಳ ಮಾತು ಇದು.

“ಮೂರನೇ ಪಾಠ ಮತ್ತ ಕೈ ಕೊಟ್ಟಂಗದ,” ಅಂದ ಗುರುಲಿಂಗ.

“ಪಾಠ ಏನ ಮಾಡ್ಯಾದ್ರಿ ಪಾಪ. ನನ್ನ ತಲಿನೇ ಹಂಗದ.”

“ಹಂಗನಬ್ಯಾಡ್ರಿ. ಕಲಿಯೋರು ಸೋತ್ರ ಅದು ಪಾಠದ ಸೋಲು. ಎಲ್ಲಿ ತಿಳೀಲಿಲ್ಲ ಹೇಳ್ರಿ, ನಾ ಸರಿ ಮಾಡ್ತೀನಿ.”

“ಕೇಳೋವಾಗ ಎಲ್ಲಾ ತಿಳೀತದ್ರಿ. ನೀವು ಮಾತ ನಿಲ್ಲಿಸಿದ ಕೂಡ್ಲೇ ಎಲ್ಲಾ ಹೋಗ್ತದ.”

ಅವಳು ಫೋನನ್ನು ಕಿವಿಗೆ ಒತ್ತಿ ಹಿಡಿದಳು. ಇದಕ್ಕಿಂತ ಬಿಡಿಸಿ ಹೇಳುವುದು ಯಾವ ಹೆಣ್ಣಿಗೆ ಸಾಧ್ಯ.

“ಅಂದ್ರ ಪಾಠ ಉದ್ದ ಆಗ್ಯಾದ,” ಅಂದ ಗುರುಲಿಂಗ, ಬಹಳ ಗಂಭೀರವಾಗಿ. “ಇನ್ನೂ ಎರಡ ತುಂಡ ಮಾಡ್ತೀನಿ.”

ಗುರುಲಿಂಗ ಆಳಂದ ಕಡೆಯವನು. ಎಂ.ಎಡ್. ಮುಗಿಸಿ ಗಡಿಯಾಚೆ, ಮಹಾರಾಷ್ಟ್ರದ ಉಮರ್ಗಾದ ಒಂದು ಸಂಸ್ಥೆಗೆ ಸೇರಿದ್ದ. ಕುರಿ ಸಾಕುವ ಮನೆಗಳ ಹೆಂಗಸರಿಗೆ ಕುರಿಯ ರೋಗ, ಔಷಧ, ಲಸಿಕೆ ಕಲಿಸಿ, ಊರೂರಿಗೆ ಹೋಗಿ ಕುರಿ ನೋಡುವ ಪಶುಸಖಿಯರನ್ನಾಗಿ ಮಾಡುವುದು ಆ ಸಂಸ್ಥೆಯ ಕೆಲಸ. ಪಾಠವೆಲ್ಲ ಫೋನಿನಲ್ಲೇ. ಮರಾಠಿಯಲ್ಲಿ ಒಂದು ಕೋರ್ಸು ಮೊದಲೇ ಇತ್ತು. ಮನೆಯಲ್ಲಿ ಕನ್ನಡ ಆಡುವವರಿಗೆ ಅವರ ಕನ್ನಡದಲ್ಲೇ ಒಂದು ಬೇಕೆಂದು ಹಟ ಹಿಡಿದವನು ಗುರುಲಿಂಗ. ಬರೆದವನೂ ಅವನೇ, ಚಿತ್ರ ಬಿಡಿಸಿದವನೂ ಅವನೇ, ದನಿಯೂ ಅವನದೇ. ಆಫೀಸಿನ ಸಾಮಾನು ಕೋಣೆಯಲ್ಲಿ ಸುತ್ತಲೂ ಕೌದಿ ತೂಗುಹಾಕಿ, ಸದ್ದಾಗಬಾರದೆಂದು ಫ್ಯಾನು ಆರಿಸಿ, ಬೆವರುತ್ತ ಕೂತು ರೆಕಾರ್ಡ್ ಮಾಡುತ್ತಿದ್ದ.

ಮನುಷ್ಯರು ಹೇಗೆ ಕಲಿಯುತ್ತಾರೆ ಅನ್ನುವುದರ ಬಗ್ಗೆ ಅವನು ಓದದ ಪುಸ್ತಕವಿರಲಿಲ್ಲ. ಮನಸ್ಸು ಒಂದು ಸಲಕ್ಕೆ ಮೂರ್ನಾಲ್ಕು ಸಂಗತಿಗಿಂತ ಹೆಚ್ಚು ಹಿಡಿದುಕೊಳ್ಳಲಾರದು, ಅದಕ್ಕೆ ಒಂದು ಪಾಠದಲ್ಲಿ ಒಂದೇ ವಿಷಯ. ದನಿ ಹೇಳುತ್ತಿರುವುದನ್ನೇ ತೆರೆಯ ಮೇಲೂ ಬರೆದರೆ ಕಲಿಯುವವರು ದಣಿಯುತ್ತಾರೆ, ಅದಕ್ಕೆ ಅಕ್ಷರ ಬೇಡ, ಚಿತ್ರ ಸಾಕು. ಇದು ನನ್ನ ಇಷ್ಟದ ಕೆಲಸ, ಇದು ನನ್ನ ಕೈಲಾಗುತ್ತದೆ, ನನ್ನ ಜೊತೆಗೆ ಯಾರೋ ಇದ್ದಾರೆ, ಈ ಮೂರೂ ಅನ್ನಿಸಿದರೆ ಮಾತ್ರ ಜನ ಕಲಿಕೆ ಬಿಡುವುದಿಲ್ಲ. ಜೊತೆಗಿದ್ದಾರೆ ಅನ್ನಿಸಲೆಂದೇ ಫೇಲಾದವರಿಗೆ ತಾನೇ ಫೋನು ಮಾಡುವ ನಿಯಮ ಇಟ್ಟಿದ್ದ. ಹೀಗೆ ಮಾಡಿ ಫೇಲಾದವರಿಗೆ ಹಬ್ಬ, ಪಾಸಾದವರಿಗೆ ಉಪವಾಸ ಮಾಡಿಟ್ಟೆನಲ್ಲ ಎಂದು ಅವನಿಗೆ ಹೊಳೆಯಲೇ ಇಲ್ಲ. ಅಷ್ಟು ಓದಿದವನಿಗೆ ಇಷ್ಟು ಹೊಳೆಯಲಿಲ್ಲ.

ಮೊದಲ ಸಲ ಅವನು ಮುರುಮಕ್ಕೆ ಬಂದದ್ದು ಮಳೆಗಾಲದ ಆರಂಭದಲ್ಲಿ. ಬೀರಪ್ಪನ ಗುಡಿಯ ಕಟ್ಟೆಯ ಮೇಲೆ ಗಂಡಸರು ಕೂತಿದ್ದರು, ಹೆಂಗಸರು ಗೋಡೆಗೆ ಆತು ನಿಂತಿದ್ದರು. ಹೆಂಗಸರ ಕೈಗೆ ಫೋನು ಕೊಡುವ ಮಾತು ಬಂದದ್ದೇ ಗಂಡಸರ ಮುಖ ಬಿಗಿಯಿತು. ಆ ಹೆಂಗಸರಲ್ಲೊಬ್ಬಳಾದ ಮೀರಾಬಾಯಿಯ ಗಂಡ ಎದ್ದು ನಿಂತ.

“ಪಾಠ ಅಂತ ಕೊಡ್ತೀವಿ. ಆಮ್ಯಾಲ ಯಾರ ಜೋಡಿ ಮಾತಾಡ್ತಾರೋ ಯಾರಿಗಿ ಗೊತ್ತ?”

ಗುರುಲಿಂಗ ಏನೋ ಹೇಳಲು ಹೋಗಿ ತೊದಲಿದ. ಆಗ ಬಕ್ಕಪ್ಪನ ಮಗಳು ಶಿವಕಾಂತಾ ಗೋಡೆ ಬಿಟ್ಟು ಮುಂದೆ ಬಂದಳು. ಹತ್ತನೆಯ ತರಗತಿ ಮುಗಿಸಿದವಳು, ಆ ಹೆಂಗಸರಲ್ಲಿ ಎಲ್ಲರಿಗಿಂತ ಹೆಚ್ಚು ಓದಿದವಳು. ದೇವರ ಮುಂದಿನ ಭಂಡಾರವನ್ನು ಅಂಗೈ ತುಂಬ ಹಿಡಿದಳು. ಬೀರಪ್ಪನ ಆ ಅರಿಶಿನ ಹಿಡಿದು ಆಡಿದ ಮಾತನ್ನು ಅವರ ಓಣಿಯಲ್ಲಿ ಯಾರೂ ಮೀರುವುದಿಲ್ಲ. ಮೀರಿದವರ ಮಾತನ್ನು ಮುಂದೆ ಯಾರೂ ನಂಬುವುದಿಲ್ಲ.

“ಈ ಫೋನಿನಾಗ ಪಾಠ ಬಿಟ್ಟ ಬ್ಯಾರೆ ಮಾತ ಇರಂಗಿಲ್ಲ,” ಅಂದಳು. “ಎಲ್ಲಾರದೂ ನಾ ಜವಾಬ್ದಾರಿ.”

ಅಷ್ಟಕ್ಕೇ ಫೋನುಗಳು ಹೆಂಗಸರ ಕೈಗೆ ಬಂದವು. ಗುರುಲಿಂಗ ಅವಳನ್ನೇ ನೋಡಿದ. ಅರಿಶಿನ ಹತ್ತಿದ ಅಂಗೈ, ಅದನ್ನು ಸೀರೆಗೆ ಒರೆಸಿಕೊಳ್ಳದೆ ಹಾಗೇ ಹಿಡಿದುಕೊಂಡು ನಿಂತ ರೀತಿ. ಅವಳೂ ನೋಡಿದಳು. ಅವನ ಕನ್ನಡಕ ಬೆವರಿಗೆ ಮೂಗಿನ ತುದಿಗೆ ಜಾರಿತ್ತು, ಮೇಲೆ ದೂಡಿಕೊಳ್ಳುವುದನ್ನೂ ಮರೆತಿದ್ದ. ಅವಳಿಗೆ ನಗು ಬಂತು. ಎಲ್ಲ ಕೆಟ್ಟದ್ದು ಆ ನಗುವಿನಿಂದಲೇ.

ಆಡಿದ ಮಾತಿಗೆ ಅವಳು ತಪ್ಪಲಿಲ್ಲ. ಅವನ ಜೊತೆ ಮಾತಾಡಬೇಕೆಂದು ಜೀವ ಹಾತೊರೆಯುತ್ತಿತ್ತು, ಆದರೆ ಪಾಠ ಬಿಟ್ಟು ಬೇರೆ ಮಾತಿಲ್ಲ. ಸರಿ, ಪಾಠದ ಮಾತನ್ನೇ ಆಡೋಣ ಅಂದುಕೊಂಡಳು. ಅದಕ್ಕೆ ಪಾಠ ಮುಗಿಯಬಾರದಿತ್ತು.

ಮೂರನೆಯ ಪಾಠವನ್ನು ತುಂಡು ಮಾಡಿಕೊಂಡು ಗುರುಲಿಂಗ ಸ್ವತಃ ಮನೆಗೆ ಬಂದ. ಬಕ್ಕಪ್ಪ ಅಂಗಳದಲ್ಲಿ ಕಂಬಳಿ ಹಾಸಿ ಹೊಲಕ್ಕೆ ಹೋದ. ತಾಯಿ ಗುಂಡಮ್ಮ ಚಹಾ ತಂದಿಟ್ಟು ಬಾಗಿಲಲ್ಲೇ ಕೂತಳು.

“ಇದೊಂದು ಪದ್ಧತಿ ಅದರೀ,” ಅಂದ ಗುರುಲಿಂಗ. “ಪಾಠ ನೋಡಕೋತ ನಿಮ್ಮ ಮನಸ್ಸಿನಾಗ ಏನೇನ ಬರ್ತದ ಎಲ್ಲಾ ಬಾಯಿಬಿಟ್ಟ ಹೇಳಬೇಕು. ಅಂದ್ರ ನನಗ ತೊಡಕ ಎಲ್ಲದ ಅಂತ ಗೊತ್ತಾಗ್ತದ.”

“ಏನೇನ ಬಂದ್ರೂ ಹೇಳಬೇಕ್ರಿ?”

“ಏನ ಬಂದ್ರೂ.”

“ಅವ್ವನ ಮುಂದ?”

“ಅವ್ವಾರು ಇದ್ರ ಏನಾಯ್ತ್ರಿ?” ಅಂದ ಆ ಪುಣ್ಯಾತ್ಮ.

ಪಾಠ ಶುರುವಾಯಿತು. ತೆರೆಯ ಮೇಲೆ ಕುರಿಯದೊಂದು ಕಣ್ಣು. ಕೆಳರೆಪ್ಪೆಯನ್ನು ಜಗ್ಗಿ ನೋಡಿರಿ, ಒಳಗೆ ಕೆಂಪಗಿದ್ದರೆ ಚಲೋ, ಬಿಳಚಿಕೊಂಡಿದ್ದರೆ ಹೊಟ್ಟೆಯಲ್ಲಿ ಜಂತು ಎಂದು ಫೋನಿನೊಳಗಿನ ಗುರುಲಿಂಗ ಹೇಳುತ್ತಿದ್ದ. ಹೊರಗಿನ ಗುರುಲಿಂಗ ಪೆನ್ನು ಹಿಡಿದು ಅವಳ ಮುಖ ನೋಡುತ್ತಿದ್ದ.

“ಹೇಳ್ರಿ, ಏನ ಬರ್ಲತ್ತದ ಮನಸ್ಸಿನಾಗ?”

“ಕಣ್ಣ ಚಂದ ಅವ.”

“ಮುಂದ?”

“ಕಣ್ಣಿನ ಕೂದಲಾ ಉದ್ದ ಅವ.”

“ಕುರೀವೇನ್ರಿ?”

ಅವಳು ಫೋನಿನಿಂದ ತಲೆ ಎತ್ತಿ ಅವನ ಕನ್ನಡಕದ ಹಿಂದೆ ನೋಡಿದಳು. ನೋಡಬೇಕಾದ್ದಕ್ಕಿಂತ ತುಸು ಹೆಚ್ಚೇ ಹೊತ್ತು ನೋಡಿದಳು.

“ಹೂಂರಿ,” ಅಂದಳು. “ಕುರೀವೇ.”

ಗುರುಲಿಂಗನ ಕಿವಿ ಕೆಂಪಾದವು. ಪೆನ್ನು ಕೆಳಗೆ ಬಿತ್ತು. ಎತ್ತಿಕೊಳ್ಳಲು ಇಬ್ಬರೂ ಬಗ್ಗಿದರು, ಇಬ್ಬರೂ ತಟ್ಟನೆ ನೆಟ್ಟಗಾದರು. ಬಾಗಿಲಲ್ಲಿ ಗುಂಡಮ್ಮ ಕೆಮ್ಮಿದಳು.

“ಚಿತ್ರನೇ ಲಕ್ಷ್ಯ ಎಳೀಲತ್ತದ,” ಅಂದ ಅವನು, ಚಹಾದ ಕಪ್ಪಿಗೆ ಹೇಳುವವನ ಹಾಗೆ. “ಬ್ಯಾಡಾದ್ದೆಲ್ಲ ತಗದ ಹಾಕ್ತೀನಿ.”

ಮುಂದಿನ ವಾರ ಹೊಸ ಪಾಠ ಬಂತು. ಕುರಿಯ ಕಣ್ಣಿಗೆ ಒಂದು ಕೂದಲೂ ಇರಲಿಲ್ಲ. ದನಿಯೂ ಬದಲಾಗಿತ್ತು. ಮೊದಲು ಪಾಠದ ಮಧ್ಯೆ ಅವನು ಒಂದಿಷ್ಟು ನಗೆಚಾಟಿಕೆ ಮಾಡುತ್ತಿದ್ದ, ಈಗ ಬರೀ ವಿಷಯ. ಶಿವಕಾಂತಾಗೆ ಅರ್ಥವಾಗಲಿ ಎಂದು ಅವನು ತನ್ನನ್ನೇ ಪಾಠದಿಂದ ಒಂದೊಂದಾಗಿ ತೆಗೆಯುತ್ತಿದ್ದ. ಅವಳು ಮೊದಲು ನಕ್ಕಳು, ಆಮೇಲೆ ಅತ್ತಳು. ಆದರೂ ಮರುದಿನ ಮತ್ತೆ ಫೇಲಾದಳು. ಪ್ರೀತಿಸುವವರು ಎಷ್ಟು ಸ್ವಾರ್ಥಿಗಳಾಗುತ್ತಾರೆಂದು ಪ್ರೀತಿಸುವಾಗ ತಿಳಿಯುವುದಿಲ್ಲ.

ತಿಳಿದದ್ದು ಮೀರಾಬಾಯಿಯಿಂದ. ನಳದ ಹತ್ತಿರ ಕೊಡ ಇಟ್ಟು ನಿಂತಿದ್ದಳು.

“ನಾ ಆ ಕೋರ್ಸ್ ಬಿಟ್ಟೆ ನೋಡು,” ಅಂದಳು.

“ಯಾಕ ಮೀರಕ್ಕ? ಎರಡ ಪಾಠ ಪಾಸಾಗಿದ್ದಿಯಲ್ಲ.”

“ಮೂರನೇದು ನಿನಗೇ ಆಗ್ಲಿಲ್ಲ ಅಂದ್ರ ನನಗೇನ ಆಗ್ತದ? ನೀ ಹತ್ತ ಓದಿದಾಕಿ. ನಾನು ಸಹಿ ಮಾಡ್ಲಾಕ ಕಲ್ತದ್ದೇ ಮೊನ್ನಿ. ಎಲ್ಲಾರೂ ಬಿಟ್ಟಾರ. ಪರೀಕ್ಷಾ ಕೊಟ್ಟು ಫೇಲಾಗಿ ಗಂಡನ ಮುಂದ ನಗೆಗೀಡ ಆಗೋದು ಯಾರಿಗಿ ಬೇಕಾಗ್ಯಾದ?”

ಮೀರಾಬಾಯಿಗೆ ಪಶುಸಖಿಯ ಔಷಧದ ಚೀಲ ಹೆಗಲಿಗೆ ಹಾಕಿಕೊಂಡು ಒಬ್ಬಳೇ ಪಕ್ಕದ ಊರಿಗೆ ಹೋಗಬೇಕೆಂದು ಎಷ್ಟು ಆಸೆಯಿತ್ತೆಂದು ಶಿವಕಾಂತಾಗೆ ಗೊತ್ತಿತ್ತು. ಮದುವೆಯಾದಂದಿನಿಂದ ಮೀರಾಬಾಯಿ ಒಬ್ಬಳೇ ಎಲ್ಲಿಗೂ ಹೋದವಳಲ್ಲ.

“ಉಮರ್ಗಾದಿಂದ ಫೋನ್ ಬಂದಿತ್ತು,” ಅಂದಳು ಮೀರಾಬಾಯಿ, ಕೊಡ ಎತ್ತಿಕೊಳ್ಳುತ್ತ. “ಯಾರೂ ಮುಂದ ಹೋಗ್ಲತ್ತಿಲ್ಲಂತ ಕನ್ನಡದ್ದ ಬಂದ್ ಮಾಡ್ತಾರಂತ. ಬೇಕಾದ್ರ ಮರಾಠಿದಾಗ ಕಲೀರಿ ಅಂದ್ರು. ಆ ಮಾಸ್ತರನೂ ಹೋಗ್ತಾನಂತ.”

ಮರುದಿನ ಬೆಳಿಗ್ಗೆ ಶಿವಕಾಂತಾ ಜೀಪು ಹತ್ತಿ ಉಮರ್ಗಾಕ್ಕೆ ಬಂದಳು.

ಆಫೀಸಿನ ಮುಂದಿನ ಕೋಣೆಯಲ್ಲಿ ಮುಖ್ಯಸ್ಥೆ ಶೀತಲ ಮೇಡಂ ಕಂಪ್ಯೂಟರಿನ ಮುಂದೆ ಕೂತಿದ್ದರು. ಮರಾಠಿಯಲ್ಲೇ ಪ್ರೀತಿಯಿಂದ ಮಾತಾಡಿಸಿ, ಒಳಗಿದ್ದಾರೆ ಹೋಗು ಅಂದರು. ಸಾಮಾನು ಕೋಣೆಯಲ್ಲಿ ಗುರುಲಿಂಗ ಕೌದಿಗಳನ್ನು ಇಳಿಸಿ ಮಡಚುತ್ತಿದ್ದ. ಅವಳನ್ನು ನೋಡಿ ಅವನ ಮುಖ ಅರಳಿತು, ಕೂಡಲೇ ನಾಚಿಕೆಯಿಂದ ಬಾಡಿತು.

“ನೀವ್ಯಾಕ ಬರ್ಲಾಕ ಹೋದ್ರಿ? ನಾನೇ ಫೋನ್ ಮಾಡಾಂವಿದ್ದೆ. ನಿಮಗ ತಿಳಿಯೋಹಂಗ ಮಾಡ್ಲಾಕ ನನ್ನ ಕೈಲೆ ಆಗ್ಲಿಲ್ಲ.”

“ಪರೀಕ್ಷಾ ಕೊಡ್ಲಾಕ ಬಂದೀನಿ,” ಅಂದಳು. “ಬಾಯಿಲೇ ಕೇಳ್ರಿ.”

“ಈಗ ಅದರಿಂದ ಏನ ಉಪಯೋಗ?”

“ಕೇಳ್ರಿ ಅಂದೆ.”

ಅವನು ಕೌದಿ ಹಿಡಿದುಕೊಂಡೇ ಕೇಳಿದ. “ಕೆಳರೆಪ್ಪಿ ಬಿಳಚಿದ್ರ?”

“ಜಂತಿನ ಔಷಧ. ಕುರಿ ತೂಕ ನೋಡಿ ಕೊಡಬೇಕು, ಅಂದಾಜಿಲೆ ಅಲ್ಲ.”

“ಕುಡಸೋವಾಗ?”

“ತಲಿ ಭಾಳ ಮ್ಯಾಲ ಎತ್ತಬಾರದು. ಎತ್ತಿದ್ರ ಔಷಧ ಪುಪ್ಪಸಕ್ಕ ಹೋಗ್ತದ. ನಮ್ಮಪ್ಪ ಇಷ್ಟ ದಿನ ಎತ್ತೇ ಕುಡಸ್ತಿದ್ದ. ನಿಮ್ಮ ಪಾಠ ಕೇಳಿದ ಮ್ಯಾಲ ಬಿಡಸೀನಿ.”

ಮೂರನೆಯ ಪಾಠ ಮುಗಿಯಿತು. ಅವನು ನಾಲ್ಕನೆಯದಕ್ಕೆ ಹೋದ, ಐದನೆಯದಕ್ಕೆ ಹೋದ. ಪರೀಕ್ಷೆ ಕೊಡದಿದ್ದರೂ ಅವಳು ಎಲ್ಲವನ್ನೂ ಕೇಳಿದ್ದಳು.

“ಲಸಿಕಿ ಬಾಟ್ಲಿ ಬಿಸಿಲಿಗಿ ಕಾದಿದ್ರ?”

“ಚೆಲ್ಲಬೇಕು. ಮತ್ತ ಬರ್ಫದಾಗ ಇಟ್ರೂ ಅದು ಕೆಲಸಕ್ಕ ಬರಂಗಿಲ್ಲ.”

“ಆಗಷ್ಟೇ ಹುಟ್ಟಿದ ಮರಿಗಿ?”

“ಗಿಣ್ಣದ ಹಾಲ, ತಾಸಿನೊಳಗ. ತಾಯಿ ಹತ್ರ ಬಿಟ್ಕೊಳ್ಳಲಿಲ್ಲಂದ್ರ ಬ್ಯಾರೆ ಕುರೀದ ಹಿಂಡಿ ಕುಡಸಬೇಕು. ಪಾಠದಾಗ ಅಲ್ಲಿ ನೀವು ಒಂದೀಟ ಕೆಮ್ಮೀರಿ.”

ಗುರುಲಿಂಗ ಕೌದಿಯನ್ನು ಕೆಳಗಿಟ್ಟ. ಅವನ ದನಿ ಇಳಿಯಿತು.

“ಎಲ್ಲಾ ಬರ್ತದ ನಿಮಗ.”

“ಬರ್ತದ.”

“ಯಾವಾಗಿಂದ?”

“ಮೊದಲನೇ ಸಲ ಕೇಳಿದಾಗಿಂದ. ನಿಮ್ಮ ಪಾಠದಾಗ ಯಾವ ತಪ್ಪೂ ಇಲ್ಲ.”

“ಮತ್ತ ಯಾಕ ಫೇಲಾದ್ರಿ?”

“ಪಾಸಾದ್ರ ನಿಮ್ಮ ಫೋನ್ ಬರಂಗಿಲ್ಲ.”

ಅವನು ಸ್ಟೂಲಿನ ಮೇಲೆ ಕೂತ. ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡ. “ನನಗ ಕಲಸ್ಲಾಕ ಬರಂಗಿಲ್ಲ ಅಂತ ತಿಳಕೊಂಡಿದ್ದೆ,” ಅಂದ. ಬೈದಿದ್ದರೂ ಅವಳಿಗೆ ಇಷ್ಟು ನೋವಾಗುತ್ತಿರಲಿಲ್ಲ.

“ಅದಕ್ಕೇ ಬಂದೀನಿ. ನಿಮಗ ಬರ್ತದ ಅಂತ ಹೇಳ್ಲಾಕ.”

“ತುಂಡ ಮಾಡಿದ ಪಾಠ ಇಲ್ಲಿಂದೇ ಕಳಸಬಹುದಿತ್ತು,” ಅಂದ ಗುರುಲಿಂಗ, ನೆಲ ನೋಡುತ್ತ. “ಬ್ಯಾರೆ ಯಾರ ಮನಿಗೂ ನಾ ಹೋಗಿಲ್ಲ. ನಿಮ್ಮ ಮನಿಗಿ ಬಂದೆ. ನೀವು ಪಾಸಾಗೋದು ನನಗೂ ಬೇಕಿರ್ಲಿಲ್ಲ ಕಾಣ್ತದ.”

ಅವರಿಬ್ಬರ ಪಾಲಿಗೆ ಬಂದ ಸುಖ ಅದೊಂದೇ ಗಳಿಗೆ. ಗಾಳಿಯಿಲ್ಲದ ಕೋಣೆ, ಕೌದಿಯ ಧೂಳು, ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಿದ್ದರು. ಯಾರೂ ಯಾರನ್ನೂ ಮುಟ್ಟಲಿಲ್ಲ.

“ನಿಮ್ಮಪ್ಪನ ಹತ್ರ ಬಂದ ಕೇಳ್ತೀನಿ,” ಅಂದ ಅವನು.

ಹೂಂ ಅನ್ನಬೇಕೆಂದು ಅವಳ ಜೀವವೆಲ್ಲ ಬಾಯಿಗೆ ಬಂತು.

“ಬರಬ್ಯಾಡ್ರಿ,” ಅಂದಳು.

“ಜಾತಿ ಬ್ಯಾರೆ ಅಂತೇನ್ರಿ?”

“ಅಪ್ಪಗ ಕೈಕಾಲ ಬಿದ್ದ ಒಪ್ಪಸ್ತಿದ್ದೆ. ಅದಲ್ಲ. ನಾ ಭಂಡಾರ ಹಿಡದೀನಿ. ಎಲ್ಲಾರ ಫೋನಿಗೂ ನಾ ಜವಾಬ್ದಾರಿ ಅಂದೀನಿ. ನಾವಿಬ್ರು ಕೂಡಿದ್ರ ಮೀರಕ್ಕನ ಗಂಡ ಏನಂತಾನ? ಪಾಠ ಅಂದ್ರ ಇದೇ ನೋಡು ಅಂತಾನ. ಆಕಿ ಫೋನ್ ಕಸಗೋತಾನ. ಆಕಿದೊಂದೇ ಅಲ್ಲ, ಎಲ್ಲಾರದೂ ಹೋಗ್ತಾವ.”

“ಒಂದೆರಡ ವರ್ಷ ಬಿಟ್ಟ ಆದ್ರೂ?”

“ಎಷ್ಟ ವರ್ಷ ಬಿಟ್ರೂ ಮಂದಿ ಹಿಂದ ಎಣಸ್ತಾರ, ಇದು ಯಾವಾಗ ಶುರು ಆಯ್ತಂತ. ನನ್ನ ಆಸೆದಿಂದ ಒಮ್ಮೆ ಅವರ ಪಾಠ ಹಾಳಾಯ್ತು. ಇನ್ನೊಮ್ಮೆ ಆಗಬಾರದು.”

“ನಾ ಇಲ್ಲೇ ಇರ್ತೀನಿ. ಏನೂ ಕೇಳಂಗಿಲ್ಲ. ಬರೇ ಇರ್ತೀನಿ.”

“ನೀವು ಇಲ್ಲಿದ್ರ ನಾ ಮತ್ತ ಫೇಲಾಗ್ತೀನಿ,” ಅಂದಳು. ನಗಲು ಹೋದಳು, ಆಗಲಿಲ್ಲ.

ಇಬ್ಬರೂ ಮುಂದಿನ ಕೋಣೆಗೆ ಬಂದರು. ಶೀತಲ ಮೇಡಂ ಎದುರಿಗೇ ಕೂತು ಶಿವಕಾಂತಾ ಪರೀಕ್ಷೆ ಕೊಟ್ಟಳು. ಒಂದರ ಹಿಂದೊಂದು ಎಲ್ಲವೂ ಪಾಸು. ಗುರುಲಿಂಗ ಮರಾಠಿಯಲ್ಲಿ ನಿಧಾನವಾಗಿ ಹೇಳಿದ: ತಪ್ಪು ಕನ್ನಡದ್ದೂ ಅಲ್ಲ, ಈ ಹೆಂಗಸರದ್ದೂ ಅಲ್ಲ, ತನ್ನದು. ಫೇಲಾದವರಿಗೆ ಮಾತ್ರ ಫೋನು ಮಾಡಿದ್ದು ತಪ್ಪು, ಪಾಸಾದವರಿಗೂ ಮಾಡಬೇಕಿತ್ತು. ಜನ ತಮ್ಮಂಥವರೇ ಒಬ್ಬರು ಗೆದ್ದದ್ದನ್ನು ನೋಡಿದರೆ ತಾವೂ ಕೈ ಹಾಕುತ್ತಾರೆ, ಸೋತದ್ದನ್ನು ನೋಡಿದರೆ ಕೈ ಬಿಡುತ್ತಾರೆ. ಈಗ ಇವಳು ಗೆದ್ದಿದ್ದಾಳೆ. ದೀಪಾವಳಿಯಾಗಿ ಕುರಿಗಳು ಮೇವು ಹುಡುಕಿಕೊಂಡು ಊರು ಬಿಡುವವರೆಗೆ ಸಮಯ ಕೊಡಿ. ಫೋನು ಮಾಡುವ ಕೆಲಸ ಅವರಲ್ಲೇ ಒಬ್ಬ ಹೆಂಗಸಿಗೆ ಕೊಡಿ, ಇವಳಿಗೇ ಕೊಡಿ. ತನಗೆ ಕಲಬುರಗಿಯ ಕಾಲೇಜೊಂದರಿಂದ ಕರೆ ಬಂದಿದೆ, ತಾನು ಹೊರಡುತ್ತೇನೆ.

ಶೀತಲ ಮೇಡಂ ಅವನನ್ನು ನೋಡಿದರು, ಅವಳನ್ನು ನೋಡಿದರು. ಹೆಣ್ಣುಜೀವ, ಏನು ತಿಳಿಯಿತೋ. “ಬರೋಬರ್,” ಎಂದು ಒಪ್ಪಿದರು, ಮತ್ತೇನೂ ಕೇಳಲಿಲ್ಲ.

ಹೆದ್ದಾರಿಯ ಪಕ್ಕ ಮುರುಮದ ಜೀಪು ನಿಂತಿತ್ತು. ಅವಳು ಹಿಂದಿನ ಸೀಟಿನಲ್ಲಿ ಹೆಂಗಸರ ನಡುವೆ ಕೂತಳು. ಗುರುಲಿಂಗ ಪರಿಚಯವಿಲ್ಲದವನ ಹಾಗೆ ಹೊರಗೆ ನಿಂತ. ಜೀಪು ತುಂಬುತ್ತ ಬಂದ ಹಾಗೆ ಅವನಿಗೆ ತಡೆಯಲಾಗಲಿಲ್ಲ.

“ಒಂದ ಮಾತ ಕೇಳ್ಲೇನ್ರಿ?”

“ಪಾಠದ್ದಾದ್ರ ಕೇಳ್ರಿ.”

“ಪಾಠದ್ದಲ್ಲ.”

“ಹಂಗಾದ್ರ ಬ್ಯಾಡ್ರಿ,” ಅಂದಳು ಶಿವಕಾಂತಾ. ಕಣ್ಣು ತುಂಬಿ ಅವನು ಕಾಣಿಸುತ್ತಿರಲಿಲ್ಲ. ಜೀಪು ಹೊರಟಿತು.

ಹೆಂಗಸರು ಒಬ್ಬೊಬ್ಬರಾಗಿ ಕೋರ್ಸಿಗೆ ಮರಳಿದರು. ಮೀರಾಬಾಯಿ ಎರಡನೆಯ ಯತ್ನಕ್ಕೆ ಮೂರನೆಯ ಪಾಠ ದಾಟಿದಳು, ದೀಪಾವಳಿಯೊಳಗೆ ಎಲ್ಲ ಮುಗಿಸಿದಳು. ಚೀಲ ಹೆಗಲಿಗೆ ಹಾಕಿಕೊಂಡು ಮೊದಲ ಸಲ ಒಬ್ಬಳೇ ಬಸ್ಸು ಹತ್ತಿದ ದಿನ ಓಣಿಯವರೆಲ್ಲ ನೋಡಲು ಬಂದರು. ಕನ್ನಡದ ಕೋರ್ಸು ನಿಲ್ಲಲಿಲ್ಲ. ಮರುವರ್ಷ ಸಾಸ್ತೂರಿನಲ್ಲೂ ಶುರುವಾಯಿತು.

ಸಾಸ್ತೂರಿನ ಅನುಸೂಯಾಬಾಯಿಗೆ ಮಾದರಿಗೆಂದು ಕುರಿಮರಿಯ ಪಾಠ ತೋರಿಸಲು ಶಿವಕಾಂತಾ ಅವಳ ಮನೆಗೆ ಹೋಗಿದ್ದಳು. ಕಟ್ಟೆಯ ಮೇಲೆ ಅನುಸೂಯಾಬಾಯಿಯ ಗಂಡ ಹಗ್ಗ ಹೊಸೆಯುತ್ತ, ಕಿವಿಯನ್ನೆಲ್ಲ ಇತ್ತಲೇ ಇಟ್ಟು ಕೂತಿದ್ದ. ಫೋನಿನಲ್ಲಿ ಗುರುಲಿಂಗನ ದನಿ ನಿಧಾನವಾಗಿ, ಬೆಚ್ಚಗೆ, ಗಿಣ್ಣದ ಹಾಲಿನ ಮಾತು ಹೇಳಿ ಒಂದಿಷ್ಟು ಕೆಮ್ಮಿ ಮುಂದುವರಿಯಿತು.

“ಯಾರವ್ವಾ ಈ ಮಾಸ್ತರ?” ಅಂದಳು ಅನುಸೂಯಾಬಾಯಿ. “ಮನಿ ಮನಶಾನಂಗ ಮಾತಾಡ್ತಾನ. ನೀ ನೋಡೀಯೇನ ಇವನಿಗಿ?”

ಹಗ್ಗ ಹೊಸೆಯುವ ಕೈ ನಿಂತಿತು.

“ಇಲ್ಲಕ್ಕ,” ಅಂದಳು ಶಿವಕಾಂತಾ. “ಯಾರೋ ರೆಕಾರ್ಡ್ ಮಾಡಿ ಹೋಗ್ಯಾರ. ನಾ ನೋಡಿಲ್ಲ.”

ಗಂಡ ಮತ್ತೆ ಹಗ್ಗಕ್ಕೆ ಕೈ ಹಚ್ಚಿದ. ಅನುಸೂಯಾಬಾಯಿ ಫೋನನ್ನು ಹತ್ತಿರಕ್ಕೆ ಎಳೆದುಕೊಂಡಳು.

“ನನಗ ಪೂರಾ ತಿಳೀಲಿಲ್ಲ. ಇನ್ನೊಮ್ಮೆ ಹಚ್ಲಾ?”

“ಹಚ್ಚಕ್ಕ,” ಅಂದಳು ಶಿವಕಾಂತಾ. “ತಿಳಿಯೋತನಕ ಹಚ್ಚು.”